ಅಣ್ಣ ಆರಿಸಿದ ರೈಫಲ್

ತವರಿನ ಹೊಲದಲ್ಲಿ ನನಗೆ ಪಾಲು ಬೇಡವೆಂದು ಸಹಿ ಹಾಕಿದ ದಿನ ಅಣ್ಣ ಮಾತು ಕೊಟ್ಟಿದ್ದ. "ಅದ್ರ ಬದ್ಲು ನಿಂಗೆ ರೈಫಲ್ ಕೊಡಿಸ್ತೀನಿ ಕಣಮ್ಮ. ನೀನು ಯಾವ್ದು ಅಂತೀಯೋ ಅದೇ."

ನಾನು ಬಂಗಾರಪೇಟೆಯ ಶಾಲೆಯೊಂದರಲ್ಲಿ ಆಟದ ಟೀಚರು. ಕಾಲೇಜಿನ ಎನ್‌ಸಿಸಿಯಲ್ಲಿ ಹತ್ತಿದ ಗುರಿಯ ಹುಚ್ಚು ಮದುವೆಯಾದ ಮೇಲೂ ಬಿಟ್ಟಿರಲಿಲ್ಲ. ಭಾನುವಾರ ರೈಲಿನಲ್ಲಿ ಕೆಜಿಎಫ್‌ನ ಊರಿಗಾಂಗೆ ಹೋಗಿ, ಚಿನ್ನದ ಗಣಿಯ ಸೈನೈಡ್ ದಿಬ್ಬದ ಪಕ್ಕದ ರೈಫಲ್ ಕ್ಲಬ್ಬಿನಲ್ಲಿ ಅವರದೇ ಪಾಯಿಂಟ್ ಟೂಟೂ ರೈಫಲ್ ಹಿಡಿದು ಐವತ್ತು ಮೀಟರಿಗೆ ಹೊಡೆಯುತ್ತಿದ್ದೆ. ಒಂದೆರಡು ಪದಕಗಳೂ ಬಂದಿದ್ದವು. ಮುನ್ನೂರು ಮೀಟರಿನ ಸ್ಪರ್ಧೆಗೆ ಇಳಿಯುವ ಆಸೆಯಾಯಿತು. ಆ ದೂರಕ್ಕೆ ಟೂಟೂ ಸಾಲದು. ಗಾಳಿ ಅದರ ಸಣ್ಣ ಗುಂಡನ್ನು ಎಲ್ಲಿಗೋ ತಳ್ಳಿಬಿಡುತ್ತದೆ.

ಕ್ಲಬ್ಬಿನ ಕೋಚ್ ಸೈನ್ಯದಿಂದ ನಿವೃತ್ತರಾದವರು, ಮನೆಮಾತು ತಮಿಳು. "ದೊಡ್ಡ ಗುಂಡು ದೂರ ಹೋಗತ್ತೆ ಮಾ, ಸರಿ. ಆದ್ರೆ ಎಲ್ಲಾ ಗುಂಡೂ ಒಂದೇ ಜಾಗಕ್ಕೆ ಹೋಗ್ಬೇಕಲ್ಲ? ಆರು ಮಿಲಿಮೀಟರ್ ತಗೋ. ಉದ್ದ, ತೆಳ್ಳಗಿನ ಗುಂಡು. ಗಾಳಿ ಕಡಿಮೆ ತಳ್ಳತ್ತೆ. ಹೆಗಲಿಗೂ ಒದೆಯಲ್ಲ," ಎಂದರು. ಆಟ ಬಿಟ್ಟ ಸ್ಪರ್ಧಿಯೊಬ್ಬರು ತಮ್ಮ ಆರು ಮಿಲಿಮೀಟರ್ ರೈಫಲನ್ನು ಬೆಂಗಳೂರಿನ ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟಿದ್ದಾರೆಂದೂ ಕೋಚ್ ಅವರೇ ಹೇಳಿದರು. ಕ್ರೀಡಾಪಟು ಎಂಬ ಕಾರಣಕ್ಕೆ ನನಗೆ ಲೈಸೆನ್ಸ್ ಬೇಗ ಸಿಕ್ಕಿತು.

ಅಂಗಡಿಗೆ ಅಣ್ಣನೂ ಬಂದ. ಆರು ಮಿಲಿಮೀಟರ್ ರೈಫಲ್ ಮೇಜಿನ ಮೇಲಿತ್ತು. ಕೆನ್ನೆ ಇಡುವ ಹಲಗೆಯನ್ನು ನನ್ನ ಅಳತೆಗೆ ಏರಿಸಿ, ಹೆಗಲಿಗಿಟ್ಟು ನೋಡಿದೆ. ನನಗೇ ಮಾಡಿಸಿದ ಹಾಗಿತ್ತು.

ಅಂಗಡಿಯವರು ಮುಜುಗರದಿಂದ ಅಣ್ಣನತ್ತ ನೋಡಿದರು. "ಮೇಡಂ, ನಿಮ್ಮ ಅಣ್ಣ ಮೊನ್ನೆಯೇ ಬಂದು ತ್ರೀ ಒನ್ ಫೈವ್‌ಗೆ ದುಡ್ಡು ಕಟ್ಟಿ ಹೋಗಿದ್ದಾರೆ."

ತ್ರೀ ಒನ್ ಫೈವ್ ಎಂದರೆ ಪ್ರಾಣಿ ಹೊಡೆಯುವ ದಪ್ಪ ಗುಂಡಿನ ರೈಫಲ್. ಕಾಮಸಮುದ್ರದ ಕಡೆಯ ನಮ್ಮ ಹೊಲಕ್ಕೆ ಕಾಡುಹಂದಿ ಇಳಿಯುತ್ತಿದ್ದವು. ಬಂದೂಕಿಗೆ ಅಣ್ಣ ಹಾಕಿದ್ದ ಅರ್ಜಿ ಹಳೆಯ ಹೊಡೆದಾಟದ ಕೇಸಿನಿಂದಾಗಿ ತಿರಸ್ಕೃತವಾಗಿತ್ತು. ಅದು ನನಗೆ ಗೊತ್ತಿತ್ತು. ಅದಕ್ಕೂ ನನ್ನ ಲೈಸೆನ್ಸಿಗೂ ಸಂಬಂಧವಿದೆಯೆಂದು ಹೊಳೆದದ್ದು ಮಾತ್ರ ಆ ಮೇಜಿನ ಮುಂದೆ.

"ಆ ಕಡ್ಡಿಯಂಥ ಗುಂಡು ಏನಕ್ಕೆ ಬತ್ತದೆ? ಇದು ಎರಡಕ್ಕೂ ಆಯ್ತದೆ," ಎಂದ ಅಣ್ಣ. ಜೊತೆಗೆ ಬಂದಿದ್ದ ನನ್ನ ಗಂಡ, "ಹೋಗ್ಲಿ ಬಿಡು, ಅಂಗಡಿಯಲ್ಲಿ ಜಗಳ ಬೇಡ," ಎಂದರು. ನನ್ನ ಲೈಸೆನ್ಸಿನಲ್ಲಿ ತ್ರೀ ಒನ್ ಫೈವ್ ನಮೂದಾಯಿತು. ರೈಫಲ್ ನಮ್ಮ ಮನೆಗೂ ಬರಲಿಲ್ಲ. "ನಿಮ್ಮ ಮನೇಲಿ ಮಕ್ಕಳವೆ. ನಮ್ಮ ಕಬ್ಬಿಣದ ಬೀರುನಾಗಿರ್ಲಿ," ಎಂದು ಅಣ್ಣ ತನ್ನ ಕಾರಿಗೇ ಹಾಕಿಕೊಂಡ.

ಸ್ಪರ್ಧೆಗೆ ಮುಂಚೆ ತರಲು ಹೋದಾಗ ನಳಿಕೆಯಲ್ಲಿ ಸುಟ್ಟ ಮದ್ದಿನ ವಾಸನೆಯಿತ್ತು. ನಾನು ಅದರಲ್ಲಿ ಒಂದು ಗುಂಡೂ ಹಾರಿಸಿರಲಿಲ್ಲ. ಕೇಳಿದರೆ, "ಹಂದಿ ಬಂದಿದ್ವು," ಎಂದನಷ್ಟೆ.

ಆದರೂ ಅದನ್ನೇ ಹಿಡಿದು ಸ್ಪರ್ಧೆಗೆ ಹೋದೆ. ಬೇರೆ ರೈಫಲ್ ಇರಲಿಲ್ಲ. ಪ್ರತಿ ಗುಂಡಿಗೂ ಹೆಗಲಿಗೆ ಗುದ್ದು ಬೀಳುತ್ತಿತ್ತು. ಗುರಿಹಲಗೆಯ ಮೇಲೆ ತೂತುಗಳು ಊಟದ ತಟ್ಟೆಯಷ್ಟಗಲ ಚೆದುರಿದವು. ಹಿಂದೆ ಕೂತು ದುರ್ಬೀನಿನಲ್ಲಿ ನೋಡುತ್ತಿದ್ದ ಕೋಚ್ ಕೊನೆಗೆ, "ಉಸಿರು ಸರಿಯಿದೆ. ಬೆರಳೂ ಸರಿಯಿದೆ. ಸಾಕು, ಎದ್ದೇಳು ಮಾ," ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ವಾಪಸು ಬಂದವಳು ರೈಫಲನ್ನು ಅಣ್ಣನ ಮನೆಗೆ ಒಯ್ಯಲಿಲ್ಲ. ಲೈಸೆನ್ಸ್ ನನ್ನ ಹೆಸರಿನಲ್ಲಿತ್ತು. ಪೊಲೀಸ್ ಠಾಣೆಗೆ ಹೋಗಿ ಠೇವಣಿ ಇಟ್ಟೆ. ಸಂಜೆ ಅಣ್ಣನ ಫೋನ್ ಬಂತು.

"ನಾನು ಕಾಸು ಕೊಟ್ಟಿರೋ ಸಾಮಾನದು."

"ನಾನು ಹೊಲ ಕೊಟ್ಟಿದ್ದೀನಿ."

"ಹೊಲಾನ ನೀನೇ ಬಿಟ್ಟೆ. ನಾನೇನ್ ಕಿತ್ಕಂಡ್ನಾ?"

ಫೋನ್ ಇಟ್ಟೆ. ಸಹಿ ನನ್ನದೇ.

ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ತಾವು ಹೋಗಿ ಅಣ್ಣನ ಹತ್ತಿರ ಮಾತಾಡಿಕೊಂಡು ಬರುವುದಾಗಿ ಗಂಡ ಹೇಳಿದರು. ಅಂಗಡಿಯಲ್ಲಿ ಆಡದ ಮಾತನ್ನು ಈಗ ಅಲ್ಲಿ ಹೋಗಿ ಆಡುವುದು ಬೇಡವೆಂದೆ.