ಖಂಡೇಪೂಜೆಯ ಭೋಂಗಾ

ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯ ರಟ್ಟಿನ ಕಾರ್ಖಾನೆಯಲ್ಲಿ ಶೇಖಪ್ಪ ಒಂಬತ್ತು ವರ್ಷದಿಂದ ಟೆಂಪರರಿ. ಒಂಬತ್ತು ವರ್ಷದಲ್ಲಿ ಹುಟ್ಟಿದ ಕೂಸು ನಾಲ್ಕನೇ ಇಯತ್ತೆಗೆ ಹೋಗುತ್ತದೆ. ಶೇಖಪ್ಪ ಮಾತ್ರ ಸೇರಿದ ದಿನ ಏನಾಗಿದ್ದನೋ ಅದೇ ಆಗಿ ಉಳಿದಿದ್ದ. ಅವನಿಗೆ ಅದರ ತಕರಾರೂ ಇರಲಿಲ್ಲ. ಬಾಯ್ಲರಿಗೆ ಕಟ್ಟಿಗೆ ಹಾಕುವುದು, ದಿನಕ್ಕೆ ಮೂರು ಸಲ ಭೋಂಗಾ, ಅಂದರೆ ಪಾಳಿಯ ಕರೆಂಟಿನ ಸೈರನ್ನು, ಒತ್ತುವುದು ಅವನ ಕೆಲಸ. ಕಟ್ಟಿಗೆ ಹಾಕಿದ್ದಕ್ಕೆ ಪಗಾರ ಬರುತ್ತಿತ್ತು, ಭೋಂಗಾ ಒತ್ತಿದ್ದಕ್ಕೆ ಮರ್ಯಾದೆ. ಬೆಳಿಗ್ಗೆ ಏಳೂವರೆಯ ಮೊದಲ ಭೋಂಗಾ ಕೇಳಿದ ಮೇಲೆಯೇ ಆ ಭಾಗದ ಹೆಂಗಸರು ರೊಟ್ಟಿಯ ಡಬ್ಬಿ ಮುಚ್ಚುತ್ತಿದ್ದರು. ಗಂಡಸರು ಆಮೇಲೆ ಚಪ್ಪಲಿ ಹುಡುಕುತ್ತಿದ್ದರು.

ಶ್ರಾವಣದಲ್ಲಿ ಮಾಲು ಹೋಗದೆ ಕಾರ್ಖಾನೆ ನಿಂತಿತು, ಭೋಂಗಾವೂ ನಿಂತಿತು. ಲೇ-ಆಫ್ ಅಂದರು. ಸರಕಾರದ ಕಾಯ್ದೆಯಂತೆ ಮನೆಯಲ್ಲಿ ಕೂತರೂ ಅರ್ಧ ಪಗಾರ; ಆದರೆ ಕೆಲಸದ ದಿನಗಳಲ್ಲಿ ಎಂಟಕ್ಕೆ ಗೇಟಿಗೆ ಬಂದು ಸಹಿ ಮಾಡಬೇಕು. ಕಾಯಂ ಮಂದಿ ತಪ್ಪಿಸಿದರೆ ಒಂದು ದಿನದ ಹಣ ಹೋಗುತ್ತಿತ್ತು. ಟೆಂಪರರಿಯವನು ತಪ್ಪಿಸಿದರೆ ಹೆಸರೇ ಹೋದೀತು ಎಂಬುದು ಶೇಖಪ್ಪನ ಹೆದರಿಕೆ. ಕಾರ್ಖಾನೆ ಮತ್ತೆ ಶುರುವಾಗುವ ದಿನ ಹಾಜರಿ ಪುಸ್ತಕದಲ್ಲಿ ತನ್ನ ಹೆಸರಿರಬೇಕು, ಅಷ್ಟೇ ಅವನ ಆಸೆ. ಚಳಿಜ್ವರ ಬಂದಾಗಲೂ ಕಂಬಳಿ ಹೊದ್ದು ಹೋಗಿ ಸಹಿ ಮಾಡಿ ಬಂದಿದ್ದ.

ದಸರೆಯ ಖಂಡೇಪೂಜೆ, ಆಯುಧಪೂಜೆ ಬಂತು. ಅಂದು ರಜೆ, ಸಹಿಯಿಲ್ಲ. ಆದರೂ ಶೇಖಪ್ಪ ನಸುಕಿನಲ್ಲೇ ಮಿಂದು, ಬಿಳಿ ಅಂಗಿ ಧೋತರ ಹಾಕಿ, ತೆಂಗಿನಕಾಯಿ ಚೆಂಡುಹೂವು ಹಿಡಿದು ಗೇಟಿಗೆ ಹೋದ. ಎರಡು ತಿಂಗಳಿಂದ ಬೆಂಕಿ ಕಾಣದ ಬಾಯ್ಲರು ಪೂಜೆಯನ್ನೂ ಕಾಣದೆ ಇರುವುದು ಅವನಿಗೆ ಸರಿಯೆನಿಸಿರಲಿಲ್ಲ. ಗೇಟು ಕಾಯುವ ಚನಬಸಪ್ಪ ಮುದುಕ. ಮುಂದಿನ ವರ್ಷ ಅವನ ನಿವೃತ್ತಿ.

"ಒಳಗ ಯಾರನ್ನೂ ಬಿಡಬ್ಯಾಡ ಅಂದಾರಪಾ," ಅಂದ ಚನಬಸಪ್ಪ. ಆಮೇಲೆ ಕಾಯಿಯ ಕಡೆ ನೋಡಿದ. "ಪೂಜಿ ಇಲ್ಲದ ಮಷೀನ ಬಿಡಬಾರದು ಖರೆ. ಲಗೂನ ಮುಗಿಸಿ ಬಾ."

ಒಳಗೆ ಅರಸನ ಅಂಕೆ ಇಲ್ಲ, ದೆವ್ವದ ಕಾಟ ಇಲ್ಲ. ಶೇಖಪ್ಪ ಬಾಯ್ಲರು ಒರೆಸಿದ, ವಿಭೂತಿ ಕುಂಕುಮ ಹಚ್ಚಿದ, ಹೂ ಏರಿಸಿ ಕಾಯಿ ಒಡೆದ. ಪ್ರತಿ ವರ್ಷ ಪೂಜೆ ಮುಗಿದೊಡನೆ ಒಂದು ಭೋಂಗಾ ಒತ್ತುವ ಪದ್ಧತಿ. ಸಾಹೇಬರೆಲ್ಲ ಬಂದು ಸೇರುವಷ್ಟರಲ್ಲಿ ಹತ್ತು ಹೊಡೆದಿರುತ್ತಿದ್ದರಿಂದ ಅದು ಪೂಜೆಯ ಭೋಂಗಾ ಎಂದು ಊರಿಗೆ ತಿಳಿಯುತ್ತಿತ್ತು. ಈ ಸಲ ಕಾಯಲು ಸಾಹೇಬರಿರಲಿಲ್ಲ. ಕರ್ಪೂರ ಆರಿದಾಗ ಗೋಡೆಯ ಗಡಿಯಾರದಲ್ಲಿ ಸರಿಯಾಗಿ ಏಳೂವರೆ. ಶೇಖಪ್ಪ ಕೈ ಮುಗಿದು, ಅದೇ ಕೈಯಿಂದ ಗುಂಡಿ ಒತ್ತಿದ. ಒಂಬತ್ತು ವರ್ಷ ಒತ್ತಿದಂತೆ, ಪೂರ್ತಿ ಒಂದು ನಿಮಿಷ.

ಅವನು ನೆಲ ಗುಡಿಸಿ, ಪ್ರಸಾದ ಹಿಡಿದು ಹೊರಗೆ ಬರುವಷ್ಟರಲ್ಲಿ ಗೇಟಿನೆದುರು ಮೂವತ್ತು ಜನ ಇದ್ದರು. ಇನ್ನೂ ಬರುತ್ತಿದ್ದರು. ಜೊತೆಗೆ ಕೆಲಸ ಮಾಡುವ ಜ್ಯೋತಿಬಾ ಅರ್ಧ ಗಡ್ಡ ಕೆರೆದುಕೊಂಡವನು ಹಾಗೇ ಸೈಕಲ್ ಏರಿ ಬಂದಿದ್ದ. ಭೋಂಗಾ ಕೇಳಿದ ಮೇಲೆ ರಜೆ ಎಂಬುದು ಯಾರಿಗೂ ನೆನಪಾಗಿರಲಿಲ್ಲ. ಎಲ್ಲರ ಹಿಂದೆ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, ಶೇಖಪ್ಪನ ಹೆಂಡತಿ ಸಕ್ಕುಬಾಯಿ ನಿಂತಿದ್ದಳು. ಅವಳ ಕೈಯಲ್ಲಿ ಡಬ್ಬಿ ಇತ್ತು.

"ಚಾಲೂ ಆತಲ್ರಿ," ಅಂದಳು. "ಡಬ್ಬಿ ಬಿಟ್ಟ ಬಂದಿದ್ರಿ."

ಶೇಖಪ್ಪನಿಗೆ ತಾನೇನು ಮಾಡಿದೆ ಎಂಬುದು ಆಗ ತಿಳಿಯಿತು. ಅವನಿಗೆ ಮೊದಲು ಆದದ್ದು ನಾಚಿಕೆ, ಭಯ ಆಮೇಲೆ ಬಂತು. ಡಬ್ಬಿ ತೆಗೆದುಕೊಂಡ.

ಅರ್ಧ ಗಂಟೆಯಲ್ಲಿ ಆಫೀಸಿನ ರೋಹಿತ ಸಾಹೇಬ ಮೋಟಾರ್ ಸೈಕಲ್ ಮೇಲೆ ಬಂದ. ಮಂದಿಗೆ ಕೆಲಸವಿಲ್ಲವೆಂದು ಹೇಳಿ ಕಳಿಸುವುದು ಅವನಿಗೆ ಸುಲಭವಾಗಲಿಲ್ಲ. ಕೆಲವರು ಬೈದರು, ಬಹಳ ಜನ ಸುಮ್ಮನೆ ಹೋದರು. ಜ್ಯೋತಿಬಾ ಮಾತ್ರ ಶೇಖಪ್ಪನ ಹೆಗಲು ಮುಟ್ಟಿ, "ಇರ್ಲಿ ಬಿಡೋ, ದಾರಿಯಾಗ ಬರೂ ತನಕಾ ಖುಷಿ ಆಗಿತ್ತು," ಅಂದ.

"ಒಳಗ ಯಾರು ಬಿಟ್ರು ನಿನ್ನ?" ರೋಹಿತ ಕೇಳಿದ.

ಚನಬಸಪ್ಪ ಕೀಲಿಕೈ ಗೊಂಚಲನ್ನು ಈ ಕೈಯಿಂದ ಆ ಕೈಗೆ ಮಾಡುತ್ತಿದ್ದ.

"ಯಾರೂ ಬಿಟ್ಟಿಲ್ರಿ ಸಾಹೇಬ್ರ. ಹಿಂದಿನ ಬೇಲಿ ಹಾರಿ ಬಂದೇನ್ರಿ," ಅಂದ ಶೇಖಪ್ಪ.

ರೋಹಿತ ಅವನ ಧೋತರದ ಕಡೆ ನೋಡಿದ. ಮುಳ್ಳುತಂತಿಯ ಬೇಲಿ ಹಾರಿದ ಧೋತರಕ್ಕೆ ಒಂದು ಗೆರೆ ಕೊಳೆಯೂ ಇರಲಿಲ್ಲ. ಅವನು ಮತ್ತೇನೂ ಕೇಳದೆ, ಬೇಲಿ ಹಾರಿ ಬಂದ ಎಂದೇ ಬರೆದುಕೊಂಡ. ಅಷ್ಟು ಒಳ್ಳೆಯತನ ಅವನಲ್ಲಿತ್ತು. ಅದಕ್ಕಿಂತ ಹೆಚ್ಚಿನದು ಅವನ ಕೈಯಲ್ಲಿರಲಿಲ್ಲ.

ಮಂದಿ ಕರಗಿದ ಮೇಲೆ ಗಂಡ ಹೆಂಡತಿ ಗೇಟಿನ ಎದುರಿನ ಹುಣಸೆಮರದ ಕೆಳಗೆ ಕೂತರು. ಸಕ್ಕುಬಾಯಿಗೆ ಈಗ ಎಲ್ಲ ತಿಳಿದಿತ್ತು. ಹಬ್ಬದ ದಿನ ರೊಟ್ಟಿ ಯಾಕೆ ಮಾಡಿದೆ ಎಂದು ಶೇಖಪ್ಪ ಕೇಳಲಿಲ್ಲ. ಹೋಳಿಗೆಗೆ ಹೊತ್ತಿಸಿದ್ದ ಒಲೆಯ ಮೇಲೆ, ಭೋಂಗಾ ಕೇಳಿದೊಡನೆ ಅವಳು ಎರಡು ರೊಟ್ಟಿ ಬಡಿದಿದ್ದಳು.

ಐದನೇ ದಿನ ಕಾಗದ ಬಂತು. ಅನುಮತಿಯಿಲ್ಲದೆ ಒಳಗೆ ಹೋದದ್ದು, ಕಾರ್ಮಿಕರಲ್ಲಿ ಗೊಂದಲ ಎಬ್ಬಿಸಿದ್ದು. ಹಾಜರಿ ಪುಸ್ತಕದಿಂದ ಹೆಸರು ತೆಗೆಯಲಾಗಿದೆ. ಮಾರನೆಯ ಬೆಳಿಗ್ಗೆಯೂ ಶೇಖಪ್ಪ ಎಂಟಕ್ಕೆ ಗೇಟಿಗೆ ಹೋದ. ಚನಬಸಪ್ಪ ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡ. ಇಬ್ಬರೂ ಮಳೆಯ ಮಾತಾಡಿದರು.

ದೀಪಾವಳಿ ಮುಗಿದ ವಾರಕ್ಕೆ ಕಾರ್ಖಾನೆ ಶುರುವಾಯಿತು. ಸೋಮವಾರ ಬೆಳಿಗ್ಗೆ ಭೋಂಗಾ ಕೂಗಿತು, ಸಣ್ಣದಾಗಿ, ನಡುವೆ ಒಮ್ಮೆ ತಡೆದು. ಯಾರೋ ಹೊಸಬ. ಶೇಖಪ್ಪ ಗಡಿಯಾರ ನೋಡಿ, "ಎರಡ ಮಿನಿಟ ತಡಾ," ಅಂದ.

ಸಕ್ಕುಬಾಯಿಯ ಕೈ ಆಗಲೇ ಡಬ್ಬಿಯ ಮುಚ್ಚಳ ತೆಗೆದಿತ್ತು. ರೂಢಿಯಿಂದ ಒಳಗಿಟ್ಟಿದ್ದ ರೊಟ್ಟಿಯನ್ನು ಅವಳು ಹೊರತೆಗೆದು ತಾಟಿಗೆ ಹಾಕಿ, ಅವನ ಮುಂದೆ ಸರಿಸಿದಳು.

"ಬಿಸಿ ಐತಿ, ಈಗ ಉಣ್ರಿ," ಅಂದಳು.