ಓಕ್ ಮೇಜಿನ ಮೇಲೆ ಮೂರು ಉಳಿಗಳು

ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದಾಗ ಒಗರು ವಾಸನೆಯೊಂದು ಮೂಗಿಗೆ ಬಡಿಯಿತು. ಚಹಾದ ಚರಟವೂ ಹಳೆಯ ಅಡಿಕೆಯೂ ಸೇರಿದಂಥ ವಾಸನೆ. ಕೊಲ್ಲಿ ದೇಶದ ಹೂರಾ ಪೇಟೆಯ ಈ ಗಲ್ಲಿಯಲ್ಲಿ ಹಳೆಯ ಮೇಜು ಕುರ್ಚಿ ಮಾರುತ್ತಲೇ ನನ್ನ ಕೂದಲು ಬೆಳ್ಳಗಾಗಿದೆ, ಮೂಗು ಮಾತ್ರ ಇನ್ನೂ ಚುರುಕು. ಇದು ಓಕ್. ನಿನ್ನೆ ಬುಸೈತೀನ್‌ನಲ್ಲಿ ಮನೆ ಖಾಲಿ ಮಾಡುತ್ತಿದ್ದವರಿಂದ ಕಂಬಳಿ ಹೊದೆಸಿದ್ದ ಹಾಗೆಯೇ ಅವಸರದಲ್ಲಿ ತಂದ ಮೇಜು. ಕಂಬಳಿ ಸರಿಸಿದೆ. ನಡುವೆ ಮೂರು ಕಪ್ಪು ಉಳಿಗಳು ಮಲಗಿದ್ದವು. ಉಳಿಗಳಲ್ಲ, ಅವುಗಳ ಕಲೆ. ಸ್ಟೂಲು ಎಳೆದು ಕೂತೆ.

ಈ ಮೇಜನ್ನು ಮೊದಲು ತಂದದ್ದು ಅಣ್ಣ, ಅವಾಲಿಯ ಬಂಗಲೆಯೊಂದರಿಂದ. ಆಗ ಅಂಗಡಿ ಇಬ್ಬರದೂ.

"ಇದು ಓಕ್," ಎಂದ.

"ಓಕೆ ಅಣ್ಣ."

"ಓಕೆ ಅಲ್ಲ ಮಾರಾಯ, ಓಕ್! ಮರದ ಹೆಸರು!"

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಇಂಗ್ಲಿಷು, ನಗಬೇಡಿ. ಬಂಗಲೆಯ ಇಂಗ್ಲಿಷ್ ಯಜಮಾನನ ಅಜ್ಜಿಯ ಊಟದ ಮೇಜಂತೆ ಇದು, ಹಡಗಿನಲ್ಲಿ ಬಂದದ್ದು. ಅವರ ದೇಶದಲ್ಲಿ ಒಂದು ಕಾಲಕ್ಕೆ ಹಡಗುಗಳನ್ನೂ, ಮನೆಯ ತೊಲೆಗಳನ್ನೂ ಇದೇ ಮರದಲ್ಲಿ ಮಾಡುತ್ತಿದ್ದರಂತೆ. ಚಳಿ ದೇಶದಲ್ಲಿ ನಿಧಾನ ಬೆಳೆಯುವ ಮರ, ಬಲು ಗಟ್ಟಿ. ಮೊಳೆಯಿಲ್ಲ, ಮರದ ಗೂಟಗಳದ್ದೇ ಜೋಡಣೆ. ಓರೆಯಾಗಿ ನೋಡಿದರೆ ಮೈತುಂಬ ಬೆಳ್ಳಿಯ ಗೆರೆ. ಈಗಿನ ಮರದ ಹೊಟ್ಟು ಒತ್ತಿದ ಹಲಗೆಯ ಮೇಜುಗಳನ್ನು ನೀವೂ ಕೊಂಡಿರಬಹುದು. ಒಮ್ಮೆ ಫ್ಲ್ಯಾಟ್ ಬದಲಿಸಿದರೆ ಕಾಲು ಅಲ್ಲಾಡುತ್ತದೆ.

ಅಣ್ಣ ಅದನ್ನು ಮಾರಲಿಲ್ಲ. ನಮ್ಮ ಮಧ್ಯಾಹ್ನದ ಊಟ ಪೇಪರ್ ಹಾಸಿ ಅದರ ಮೇಲೆಯೇ. ಆಮೇಲೊಂದು ವರ್ಷ, ಅದರ ಹಳೆಯ ವಾರ್ನಿಶ್ ಕೆರೆದು ತೆಗೆದು, ತಿಕ್ಕಲು ಜೇನುಮೇಣ ತರುತ್ತೇನೆಂದು ಊರಿಗೆ ಹೊರಟ. "ನೀರು ತಾಗಿಸ್ಬೇಡ, ಕಬ್ಬಿಣ ಇಡ್ಬೇಡ, ಆಯ್ತಾ?" ಎಂದ. ಹೂಂಗುಟ್ಟಿದೆ.

ಅಷ್ಟರಲ್ಲಿ ಆಯುಧ ಪೂಜೆ ಬಂತು. ಅಣ್ಣನ ಉಳಿಗಳನ್ನು ಭಕ್ತಿಯಿಂದ ತೊಳೆದೆ. ಒರೆಸುವುದೆಲ್ಲಿ ಬಂತು? ಒದ್ದೆ ಉಳಿಗಳಿಗೆ ಗಂಧ ಹಚ್ಚಿ, ಇದ್ದುದರಲ್ಲಿ ಚೆಂದದ ಜಾಗವೆಂದು ಆ ಮೇಜಿನ ಮೇಲೆಯೇ ಇಟ್ಟೆ. ಬಾಳೆಕಾಯಿ ಹೆಚ್ಚಿದ ಕತ್ತಿ ಕಪ್ಪಾಗುವುದಿಲ್ಲವೇ, ಹಾಗೆಯೇ ಮರುದಿನ ಮರ ಕಪ್ಪಾಗಿತ್ತು. ತಿಕ್ಕಿದರೂ ಹೋಗಲಿಲ್ಲ. ಹೆದರಿಬಿಟ್ಟೆ. ಬಟ್ಟೆ ಹಾಸಿಕೊಳ್ಳುತ್ತೇನೆಂದ ಗಿರಾಕಿಗೆ ಕೊಟ್ಟುಬಿಟ್ಟೆ.

ಮೇಣದ ಡಬ್ಬಿ ಹಿಡಿದು ಬಂದ ಅಣ್ಣ ಖಾಲಿ ಜಾಗ ನೋಡಿದ.

"ಒಳ್ಳೇ ರೇಟು ಬಂತು," ಎಂದೆ.

"ಒಂದು ಮಾತು ಕೇಳ್ಬಹುದಿತ್ತು."

ಅಷ್ಟೇ. ದಡ್ಡ ಅನ್ನಿಸಿಕೊಳ್ಳುವುದಕ್ಕಿಂತ ಆಸೆಬುರುಕ ಅನ್ನಿಸಿಕೊಳ್ಳುವುದು ಆಗ ನನಗೆ ಹಗುರವಾಗಿ ಕಂಡಿತ್ತು. ಮುಂದಿನ ವರ್ಷ ಅವನು ಊರಿಗೇ ಹೋಗಿಬಿಟ್ಟ. ಫೋನಿನಲ್ಲಿ ಮಕ್ಕಳು, ಮಳೆ, ಮೀನು ಎಲ್ಲ ವಿಚಾರಿಸುತ್ತಾನೆ, ಅಂಗಡಿಯೊಂದನ್ನು ಬಿಟ್ಟು.

ಇಂಥ ಕಲೆ ತೆಗೆಯುವ ಪುಡಿ ಈಗ ನನ್ನ ಬಳಿ ಇದೆ. ಕಲಸಿಯೂ ಆಯಿತು. ಬ್ರಶ್ ಅದ್ದಿದವನು, ಅದನ್ನು ಬದಿಗಿಟ್ಟು ಅಣ್ಣನಿಗೆ ವಿಡಿಯೋ ಕಾಲ್ ಮಾಡಿದೆ. ಮೇಜಿನತ್ತ ಫೋನು ತಿರುಗಿಸಿದೆ.

"ಎಂತದಾ ಅದು?" ಕನ್ನಡಕ ಹುಡುಕುವ ಸದ್ದು. ಆಮೇಲೆ, "ಆ ಸಪೂರದ್ದು ನನ್ನ ಉಳಿ ಅಲ್ವಾ? ಮೂಲೆ ಹಾರಿದ್ದು?"

"ಹೌದು. ಪೂಜೆಗೆ ಒದ್ದೆಯೇ ಇಟ್ಟೆ. ಹೆದರಿ ಮಾರಿದ್ದು ಅಣ್ಣ, ದುಡ್ಡಿಗಲ್ಲ."

ಅಣ್ಣ ಫೋನನ್ನು ಮುಖದ ಹತ್ತಿರ ತಂದ.

"ಗಂಧ ಹಚ್ಚಿದ್ದೆಯಾ?"

"ಹಚ್ಚಿದ್ದೆ."

"ಮತ್ತೆ ಎಂತಕ್ಕೆ ಅಳುದು, ಮಂಗ. ಅದನ್ನು ತೆಗಿಬೇಡ. ನನ್ನ ಮೇಣ ಉಂಟಾ?"

"ಉಂಟು. ನೀನೇ ಬಂದು ಹಚ್ಚು."

"ಈ ಮೊಣಗಂಟು ನೋವಲ್ಲಿ ಬರುದಾ? ನೀನೇ ಹಚ್ಚು. ಒಣಬಟ್ಟೆ ತಗೋ, ಆಯ್ತಾ?"

ಕಲಸಿದ್ದನ್ನು ಚೆಲ್ಲಿದೆ. ಮೇಣ ಕಲ್ಲಾಗಿತ್ತು, ಅಂಗೈಯಲ್ಲಿ ಬಿಸಿ ಮಾಡುತ್ತ ಮಧ್ಯಾಹ್ನದವರೆಗೆ ತಿಕ್ಕಿದೆ. ಬೆಳ್ಳಿಯ ಗೆರೆಗಳು ಎದ್ದವು, ಉಳಿಗಳು ಇನ್ನಷ್ಟು ಕಪ್ಪಾದವು. ಊಟಕ್ಕೆ ಪೇಪರ್ ಹಾಸಿದೆ, ನನ್ನ ಬದಿಗೆ ಮಾತ್ರ. ಉಳಿಗಳಾಚೆ ಅಣ್ಣ ಕೂರುತ್ತಿದ್ದ ಬದಿಗೆ ಒಂದು ಕುರ್ಚಿ ಎಳೆದಿಟ್ಟೆ.