ಕರೆಯದೆ ಒಳಗೆ ಬಾರದ ದೆವ್ವ

ಕೆಳಗಿನ ಮನೆಯವರು ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಘಾಟು ನೇರ ನನ್ನ ಅಡುಗೆಮನೆಯ ಕಿಟಕಿಗೇ ಬರುತ್ತದೆ. ನಮ್ಮದು ರಾಯರನ್ನು ನಂಬಿದ ಮನೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ಹೊಸ್ತಿಲಿನಾಚೆ. ಆದರೂ ಕಿಟಕಿ ಮುಚ್ಚಲು ಮನಸ್ಸಾಗುವುದಿಲ್ಲ. ಆ ವಾಸನೆಯ ಹಿಂದೆಯೇ ಡೊಂಬಿವಲಿಯ ನಮ್ಮ ಎದುರುಮನೆ ಅಕ್ಕ ಬಂದು ನಿಲ್ಲುತ್ತಾರೆ... ಮೂಗು ಅರಳಿಸಿಕೊಂಡು, ಮುಖದ ತುಂಬ ಅನುಮಾನ ಹೊತ್ತು.

ಮದುವೆಯಾಗಿ ರಾಯಚೂರಿನಿಂದ ಮುಂಬಯಿ ಕಡೆಯ ಡೊಂಬಿವಲಿಗೆ ಬಂದ ಹೊಸತು. ನಮ್ಮ ಮಹಡಿಯಲ್ಲಿ ಕನ್ನಡ ಮಾತಾಡುವ ಬಾಗಿಲು ಅಕ್ಕನದೊಂದೇ. ಅವರು ಉಡುಪಿ ಕಡೆಯವರು, ಅವರ ಗಂಡ ಕಲ್ಯಾಣದ ಹೋಟೆಲೊಂದರಲ್ಲಿ ಗಲ್ಲಾ ನೋಡುತ್ತಿದ್ದರು, ಅಂಬೆಗಾಲಿಡುವ ಮಗಳೊಬ್ಬಳಿದ್ದಳು. ನಮ್ಮ ಮನೆಯವರಿಗೆ ಮಹಾಪೆಯ ಕಾಲ್ ಸೆಂಟರಿನಲ್ಲಿ ರಾತ್ರಿಪಾಳಿ. ಅಮೆರಿಕದವರು ಎಚ್ಚರ ಇದ್ದಾಗ ಇವರೂ ಎಚ್ಚರ ಇರಬೇಕು. ಬೆಳಗ್ಗೆ ಬಂದು, ಗಾಜಿಗೆ ಪೇಪರು ಅಂಟಿಸಿದ ಕೋಣೆಯಲ್ಲಿ ಸಂಜೆತನಕ ಹೆಣದ ಹಾಗೆ ಮಲಗುತ್ತಿದ್ದರು. ಅಕ್ಕನ ಬಾಗಿಲೂ ಮುಚ್ಚಿದರೆ ನಾನು ಗೋಡೆಯ ಜತೆ ಮಾತಾಡಬೇಕಿತ್ತು.

ಮಧ್ಯಾಹ್ನ ಅವರ ಟೀವಿಯಲ್ಲಿ ಕುತ್ತಿಗೆಗೆ ಹಲ್ಲೂರಿ ರಕ್ತ ಹೀರುವ ದೆವ್ವದ ಧಾರಾವಾಹಿ ಬರುತ್ತಿತ್ತು. ಇಂಗ್ಲಿಷಿನದು, ಹಿಂದಿಯಲ್ಲಿ ಮಾತು ಕೂಡಿಸಿದ್ದು. ಆ ದೆವ್ವ ನೋಡಲು ಚಂದದ ಗಂಡಸು. ಹಗಲೆಲ್ಲ ಪೆಟ್ಟಿಗೆಯಲ್ಲಿ ನಿದ್ದೆ. ಕನ್ನಡಿಯಲ್ಲಿ ಮುಖ ಮೂಡದು. ಶಿಲುಬೆ ಕಂಡರೆ, ಬೆಳ್ಳುಳ್ಳಿ ಕಂಡರೆ ಹೆದರಿಕೆ. ಇನ್ನೊಂದು, ಮನೆಯವರು ಬಾ ಅನ್ನದೆ ಹೊಸ್ತಿಲು ದಾಟುವ ಹಾಗಿಲ್ಲ. ಅಕ್ಕ, ನಾನು, ಮೆಟ್ಟಿಲು ಗುಡಿಸುವ ಕಲಬುರಗಿಯ ಹೆಂಗಸು ಮೂವರೂ ಕೂತು ನೋಡುವುದು ಅರ್ಧ, ವಾದ ಮಾಡುವುದು ಅರ್ಧ.

ಒಂದು ದಿನ ಅದು ಶಿಲುಬೆ ಕಂಡು ಮುಖ ಸುಟ್ಟುಕೊಂಡು ಓಡಿತು. "ಆ ದೆವ್ವ ಅವರ ಧರ್ಮದ್ದೇ ಇರಬೇಕ್ರೀ ಅಕ್ಕಾ, ಅದಕ್ಕ ಶಿಲುಬಿಗೆ ಅಂಜ್ತದ" ಎಂದಳು ಕಲಬುರಗಿಯವಳು. ನಾನು ನಕ್ಕೆ. ಅಕ್ಕ ನಗಲಿಲ್ಲ. ಅವರ ಊರಲ್ಲಿ ರಕ್ತ ಕೇಳುವ ಭೂತಕ್ಕೂ ಒಂದು ಸ್ಥಾನ ಉಂಟು, ವರ್ಷಕ್ಕೊಂದು ಕೋಲ ಉಂಟು, ಎದುರು ನಿಂತು ಕಷ್ಟ ಹೇಳಿಕೊಳ್ಳಬಹುದು. ಈ ಟೀವಿಯದು ಯಾರ ಮಾತಿಗೂ ಸಿಗುವಂಥದ್ದಲ್ಲ ಎಂಬುದೇ ಅವರ ಚಿಂತೆ.

"ಹಾಗಾದ್ರೆ ನಮ್ಮ ದೇವರ ಗುರ್ತವೇ ಇಲ್ಲ ಅದಕ್ಕೆ. ರಾಯರ ಫೋಟೊ ತೋರಿಸಿದ್ರೆ, ಯಾರಿದು ಅಂತ ಕೇಳೀತು. ಉಳಿದದ್ದು ಬೆಳ್ಳುಳ್ಳಿ ಒಂದೇ. ಬೆಳ್ಳುಳ್ಳಿಗೆ ಜಾತಿ ಇಲ್ಲ" ಎಂದರು. ಎಂದವರೇ ನನ್ನ ಕಡೆ ತಿರುಗಿ ನೋಡಿದರು. ಆ ನೋಟ ನನಗೆ ಸರಿ ಕಾಣಲಿಲ್ಲ.

ಅಲ್ಲಿಂದ ಶುರುವಾಯಿತು ವಿಚಾರಣೆ. ನಿನ್ನ ಗಂಡ ಬಿಸಿಲಿಗೆ ಹೊರಗೆ ಬರೂದೇ ಇಲ್ವಾ... ನಿಮ್ಮ ಮನೆಯಲ್ಲಿ ಕನ್ನಡಿ ಎಲ್ಲಿ ಇಟ್ಟಿದ್ದೀರಿ... ನೀನೆಂತ ಮಾರಾಯ್ತಿ, ದಿನದಿಂದ ದಿನಕ್ಕೆ ಬಿಳಿಚಿಕೊಳ್ತಾ ಇದ್ದಿ... ನನಗೇನು ಅನುಮಾನ ಕಡಿಮೆಯೆ? ಅಕ್ಕ ಮನೆ ಮಾಲೀಕರ ಕಿವಿ ಊದಿ ನಮ್ಮನ್ನು ಖಾಲಿ ಮಾಡಿಸುವ ಹುನ್ನಾರದಲ್ಲಿದ್ದಾರೆ ಎಂದುಕೊಂಡೆ. ಅವರ ಬಾಗಿಲ ಚೌಕಟ್ಟಿಗೆ ಬೆಳ್ಳುಳ್ಳಿಯ ಸರ ಬಿತ್ತು. ನಮ್ಮ ಮಡಿಯನ್ನು ಅಣಕಿಸಲೆಂದೇ ಕಟ್ಟಿದ್ದು ಎಂದು ನನಗೆ ಖಾತ್ರಿಯಾಯಿತು.

ಒಂದು ಗುರುವಾರ ಸಂಜೆ ನಮ್ಮ ಮನೆಯವರು ರಾಯರ ಪ್ರಸಾದ ಕೊಡಲು ಹೋದರೆ ಅಕ್ಕ 'ಬನ್ನಿ' ಅನ್ನಲಿಲ್ಲ. ಒಳಗಿನಿಂದಲೇ ಕೈ ಚಾಚಿ ಬಟ್ಟಲು ಇಸಿದುಕೊಂಡು ಬಾಗಿಲು ಹಾಕಿಕೊಂಡರು. ನಮ್ಮ ಕಡೆ ಹಗೆಯವನು ಬಂದರೂ ಬಾ ಅಂದು ಒಂದು ತಂಬಿಗೆ ನೀರು ಕೊಡುತ್ತಾರೆ. ಮೈಯೆಲ್ಲ ಉರಿಯಿತು ನನಗೆ. ಟೀವಿ ನೋಡಲು ಹೋಗುವುದನ್ನೂ ಬಿಟ್ಟೆ, ಮಾತನ್ನೂ ಬಿಟ್ಟೆ.

ಒಂದು ಮಧ್ಯಾಹ್ನ ಕೆಳಗಿನಿಂದ ನೀರಿನ ಕೊಡ ಹೊತ್ತು ಬಂದವಳು ಅವರ ಬಾಗಿಲೆದುರೇ ಕಣ್ಣು ಕತ್ತಲೆಗಟ್ಟಿ ಬಿದ್ದುಬಿಟ್ಟೆ. ಎಚ್ಚರವಾದಾಗ ಅವರ ಮನೆಯೊಳಗೆ, ಅವರ ತೊಡೆಯ ಮೇಲೆ ನನ್ನ ತಲೆ. ಅಕ್ಕ ನನ್ನ ಕೂದಲು ಸರಿಸಿ ಕುತ್ತಿಗೆಯ ಎರಡೂ ಬದಿ ಹಲ್ಲಿನ ಗುರುತು ಹುಡುಕುತ್ತಿದ್ದರು. ಆಗ ತಿಳಿಯಿತು. ಮಾಲೀಕನ ಹತ್ತಿರ ಚಾಡಿಯೂ ಇಲ್ಲ, ಅಣಕವೂ ಇಲ್ಲ... ಈ ಹೆಂಗಸು ಇಷ್ಟು ದಿನ ನನ್ನ ಜೀವಕ್ಕೆ ಹೆದರಿಕೊಂಡು ಕೂತಿದ್ದರು.

ಕಲಬುರಗಿಯವಳು ಹೋಗಿ ಎಬ್ಬಿಸಿದ್ದಕ್ಕೆ ಇವರು ಬನಿಯನ್ನಿನಲ್ಲೇ ಓಡಿ ಬಂದರು. ನಿದ್ದೆಗೆಟ್ಟ ಕಣ್ಣು ಕೆಂಪಗೆ. ಪ್ರಸಾದದ ದಿನದ ಅವಮಾನ ಮರೆತಿರಲಿಲ್ಲವಲ್ಲ, ಹೊಸ್ತಿಲಾಚೆಯೇ ನಿಂತರು.

"ಒಳಗ ಬರ್ಲ್ಯಾ?" ಎಂದು ಕೇಳಿದರು.

ಧಾರಾವಾಹಿಯ ದೆವ್ವ ಕೇಳುತ್ತಿದ್ದದ್ದೂ ಅದೇ ಮಾತು. ಇವರು ಆ ದೆವ್ವ ಅಲ್ಲ ಅಕ್ಕಾ, ಪಾಪದವರು ಎಂದು ಹೇಳಬೇಕು, ನನಗೆ ನಾಲಿಗೆಯೇ ಏಳುತ್ತಿಲ್ಲ. ಅಕ್ಕ ಪಕ್ಕದ ಬುಟ್ಟಿಯಿಂದ ಒಂದು ಗಡ್ಡೆ ಬೆಳ್ಳುಳ್ಳಿ ತೆಗೆದು ಮುಷ್ಟಿಯಲ್ಲಿ ಹಿಡಿದರು, ಇನ್ನೊಂದು ಕೈಯನ್ನು ನನ್ನ ಮೇಲೆ ಅಡ್ಡ ಇಟ್ಟು ಇವರನ್ನೇ ದಿಟ್ಟಿಸಿದರು. ಇವರು ಅಲ್ಲೇ ಹೊಸ್ತಿಲ ಹೊರಗೆ ಕುಸಿದು ಕೂತು ಅಳತೊಡಗಿದರು.

"ಅದು ಅಳೂದಿಲ್ಲ" ಎಂದು ಅಕ್ಕ ತಮಗೆ ತಾವೇ ಅಂದುಕೊಂಡರು. ಆಮೇಲೆ "ಬನ್ನಿ" ಎಂದರು. ಬೆಳ್ಳುಳ್ಳಿ ಮಾತ್ರ ಕೈಯಲ್ಲೇ ಇತ್ತು.

ನನ್ನ ಮೈಯಲ್ಲಿ ರಕ್ತ ತೀರ ಕಡಿಮೆ ಇದೆ ಎಂದರು ಡಾಕ್ಟರು. ಅಕ್ಕ ಇನ್ನೊಮ್ಮೆ ಇವರ ಮುಖ ನೋಡಿದರು. ಅಂದಿನಿಂದ ದಿನಾ ಖರ್ಜೂರ, ಬೀಟ್ರೂಟು, ಹುರುಳಿ ಸಾರು ತಂದು, ನಾನು ಉಂಡು ಮುಗಿಸುವ ತನಕ ಎದುರು ಕೂರುತ್ತಿದ್ದರು. ಸಾರಿನಲ್ಲಿ ಏನು ಜಜ್ಜಿ ಹಾಕಿದ್ದಾರೆಂದು ಮೊದಲ ತುತ್ತಿಗೇ ತಿಳಿಯಿತು. ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ರಾಯರು ದೊಡ್ಡವರು.

ಮುಂದೆ ನಾವು ನವಿ ಮುಂಬಯಿಗೆ ಮನೆ ಬದಲಿಸಿದೆವು. ಸಾಮಾನು ಕೆಳಗಿಳಿಸಿದ ಮೇಲೆ ಅಕ್ಕ ತಮ್ಮ ಬಾಗಿಲಲ್ಲಿ ನಿಂತು ಇವರಿಗೆ "ಹೋಗಿ ಬನ್ನಿ" ಎಂದರು. ಆಮೇಲೆ "ಹಗಲು ಹೊತ್ತಿಗೇ ಬನ್ನಿ ಆಯ್ತಾ" ಎಂದು ಸೇರಿಸಿದರು.

ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುವುದರಲ್ಲಿ ವರ್ಷಗಳೇ ಹೋದವು. ಕೊನೆಗೊಂದು ರವಿವಾರ ಹಗಲಲ್ಲೇ ಹೋದೆವು. ಬಾಗಿಲ ಮೇಲೆ ಬೆಳ್ಳುಳ್ಳಿ ಸರ ಇರಲಿಲ್ಲ. ಅಕ್ಕನ ಮಗಳು ಕದ ತೆರೆದಳು. ನಾನು ಕನ್ನಡದಲ್ಲಿ ಕೇಳಿದೆ, ಅವಳು ಹಿಂದಿಯಲ್ಲಿ ಹೇಳಿದಳು: "ಮಮ್ಮೀ ತೋ ಪಿಛ್ಲೇ ಸಾಲ್ ಗುಜರ್ ಗಯೀ." ಅಕ್ಕ ಹೋದ ವರ್ಷವೇ ತೀರಿಕೊಂಡಿದ್ದರು. ಹುಡುಗಿ ಕೆಟ್ಟವಳಲ್ಲ, ನಮ್ಮ ಗುರುತು ಅವಳಿಗೆಲ್ಲಿಂದ ಬರಬೇಕು... ಇವರು ಒಂದು ಕಾಲಿನ ಚಪ್ಪಲಿ ಬಿಟ್ಟು, ಹೊಸ್ತಿಲಾಚೆ ಕಾಯುತ್ತ ನಿಂತಿದ್ದರು. ಅವಳು ಬನ್ನಿ ಅನ್ನಲಿಲ್ಲ. ಇವರು ಚಪ್ಪಲಿ ಮೆಟ್ಟಿಕೊಂಡರು.

ಈಗ ಇವರಿಗೆ ಹಗಲುಪಾಳಿ. ಘಾಟಿಗೆ ನನ್ನ ಕಣ್ಣು ತುಂಬಿದ್ದು ಕಂಡರೆ, ಎದ್ದು ಕಿಟಕಿ ಮುಚ್ಚಲು ಹೋಗುತ್ತಾರೆ. ಇರಲಿ ಬಿಡ್ರಿ, ಬರಲಿ ಒಳಗ ಎನ್ನುತ್ತೇನೆ. ಸುತ್ತಮುತ್ತ ಎಲ್ಲರೂ ಒಳ್ಳೆಯವರೇ, ಕಂಡರೆ ನಗುತ್ತಾರೆ. ನನ್ನ ಮುಖ ಯಾಕೆ ಬಿಳಿಚಿಕೊಂಡಿದೆ ಎಂದು ಅನುಮಾನಪಡುವವರು ಮಾತ್ರ ಯಾರೂ ಇಲ್ಲ.